ಲುಸರ್ನ್ ರೈಲಿನ ಮುಮ್ಮುಖಾಸನ ಸಮರ

"ಅಲ್ಲಾ, ಈ ರೈಲಿಗೆ ಮೂತಿ ಯಾವ ಕಡೆ, ಬಾಲ ಯಾವ ಕಡೆ?"

ಕಲಿಯುಗದ ಪ್ರಥಮಪಾದದಲ್ಲಿ, ಭರತಖಂಡಕ್ಕೆ ಬಹುದೂರವಾದ ಯೂರೋಪೆಂಬ ಭೂಭಾಗದಲ್ಲಿ, ಹಿಮಶಿಖರಮಾಲಾಲಂಕೃತವಾದ ಸ್ವಿಟ್ಜರ್ಲೆಂಡ್ ದೇಶದ ಲುಸರ್ನ್ ನಿಲ್ದಾಣದಲ್ಲಿ, ಬೆಳಗಿನ ಒಂಬತ್ತರ ಶುಭವೇಳೆಯಲ್ಲಿ, ಯಾರನ್ನೂ ಉದ್ದೇಶಿಸದೆ ಈ ಪ್ರಶ್ನೆಯನ್ನು ಗಗನಕ್ಕೆಸೆದ ಪುರುಷಸಿಂಹನು ಯಾರೆಂದರೆ, ತಿಪಟೂರಿನ ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಸಕಲಬಸ್‌ಸ್ಟ್ಯಾಂಡ್‌ವಿಜೇತ, ಶ್ರೀಮಾನ್ ನಂಜುಂಡಾರಾಧ್ಯರು. ಅವರ ಪರಾಕ್ರಮವನ್ನು ಹೇಳುವಷ್ಟು ಬಲವನ್ನು ಈ ನಾಲಗೆಗೆ ಕೊಡು ತಾಯಿ ಎಂದು ವಾಗ್ದೇವಿಗೆ ಕೈಮುಗಿದು ಶುರುಮಾಡುತ್ತೇನೆ. ಯೂರೋಪಿನ ರೈಲನ್ನು ಮೊದಲ ಸಲ ಹತ್ತಲಿರುವವರು ಸ್ವಲ್ಪ ಹತ್ತಿರ ಬಂದು ಕೂತುಕೊಳ್ಳಿ.

ಪ್ರಶ್ನೆ ಸಣ್ಣದೇನಲ್ಲ. ಆರಾಧ್ಯರ ಧರ್ಮಪತ್ನಿ, ಮಿತಭಾಷಿಣೀಶಿರೋಮಣಿ ಸರ್ವಮಂಗಳಮ್ಮನವರಿಗೆ ರೈಲು ಓಡುವ ದಿಕ್ಕಿಗೆ ಬೆನ್ನು ಹಾಕಿ ಕೂತರೆ ಹೊಟ್ಟೆ ತೊಳಸುತ್ತದೆ. ಹಿಂದಿನ ದಿನ ಜೂರಿಕ್‌ನಿಂದ ಬರುವಾಗ ಹಾಗೆ ಕೂತು, ದಾರಿಯುದ್ದಕ್ಕೂ ಕಣ್ಣು ಮುಚ್ಚಿ ನಿಂಬೆಹಣ್ಣು ಮೂಸುವುದರಲ್ಲೇ ಅವರ ದೇಶದರ್ಶನ ಮುಗಿದಿತ್ತು. ಇವತ್ತಿನ ದಾರಿಯ ಕೊನೆಯಲ್ಲಾದರೋ ಇಂಟರ್ಲಾಕೆನ್ ಊರಿಗೆ ಮುಂಚೆ ಒಂದು ಸರೋವರ ಸಿಗುತ್ತದೆ, ಅದರ ನೀರು ಥೇಟ್ ನವಿಲುಗತ್ತಿನ ಬಣ್ಣ. "ಅದೊಂದನ್ನ ಕಣ್ತುಂಬ ನೋಡ್ಬಿಟ್ರೆ ನಂಗೆ ಬೇರೇನೂ ಬೇಡ ಕಣ್ರೀ" ಎಂದು ಆಕೆ ಅಂದಿದ್ದರು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಆಕೆ ಬಾಯಿಬಿಟ್ಟು ಕೇಳಿದ್ದು ಅದೊಂದೇ. ಮುಂದಕ್ಕೆ ಮುಖವಿರುವ ಕಿಟಕಿ ಸೀಟನ್ನು ಗೆದ್ದು ಕೊಡದಿದ್ದರೆ ತಾನು ಆರಾಧ್ಯನೇ ಅಲ್ಲವೆಂದು ಪತಿಯು ಇಡ್ಲಿ ಸಿಗದ ಆ ಹೋಟೆಲಿನಲ್ಲಿ, ಒಣ ಬ್ರೆಡ್ಡಿನ ಮುಂದೆ ಪ್ರತಿಜ್ಞೆ ಮಾಡಿದ್ದರು.

"ಈ ಕಡೆ ಗೋಡೆ ಇದೆಯಲ್ರೀ, ಅದನ್ನ ಒಡ್ಕೊಂಡು ಹೋಗುತ್ತಾ? ಆ ಕಡೆಗೇ ಹೋಗ್ಬೇಕು" ಎಂದರು ಸರ್ವಮಂಗಳಮ್ಮ.

ದಿಕ್ಕು ನಿರ್ಣಯವಾಯಿತು. ಆಗ ಆ ವೀರನು ಹೆಗಲ ಮೇಲಿನ ಕೆಂಪಂಚಿನ ಟವೆಲ್ಲನ್ನು ಸೆಳೆದು, ಮೂರು ಸುತ್ತು ತಿರುಗಿಸಿ, ತನಗೆ ಮೆಚ್ಚಿಕೆಯಾದ ಸೀಟಿನತ್ತ ಕಿಟಕಿಯ ಮೂಲಕ ಪ್ರಯೋಗಿಸಿದನು. ಧರ್ಮಸ್ಥಳದ ಬಸ್ಸಿನಲ್ಲಿ ಎಂದೂ ಹುಸಿಹೋಗದ ಆ ಅಸ್ತ್ರವು ತೆರೆಯಲಾಗದ ಗಾಜಿಗೆ ಬಡಿದು, ಪ್ಲಾಟ್‌ಫಾರ್ಮಿನ ಮೇಲೆ ಮುದುರಿ ಬಿತ್ತು.

"ಅದು ತೆಗಿಯೋ ಕಿಟಕಿ ಅಲ್ಲಾರೀ."

"ಗೊತ್ತು ಕಣೆ. ಗಾಜು ಎಷ್ಟು ಗಟ್ಟಿ ಅಂತ ನೋಡ್ದೆ."

ಮುಚ್ಚಿದ ಬಾಗಿಲ ಮುಂದೆ, ಅದು ತಾನಾಗಿ ತೆರೆದೀತೆಂದು ಅವರು ಇನ್ನೂ ಎರಡು ನಿಮಿಷ ನಿಂತಿದ್ದರು. ತೆರೆಯುವುದಿಲ್ಲ, ಗುಂಡಿ ಒತ್ತಬೇಕು. ಒತ್ತಿದವರು ಸರ್ವಮಂಗಳಮ್ಮ.

ಒಳಗೆ ಹೋದರೆ ಬೋಗಿ ಭರ್ತಿ. ಸರೋವರ ಕಾಣುವ ಕಡೆಯ ಕಿಟಕಿಯ ಬಳಿ ಎದುರುಬದುರಾಗಿ ಎರಡೇ ಒಂಟಿ ಸೀಟು ಉಳಿದಿದ್ದವು. ಮುಂದಕ್ಕೆ ಮುಖವಿದ್ದ ಸೀಟಿನ ಮೇಲೆ ಅಂಟಿಸಿದ್ದ ಪುಟ್ಟ ಚೀಟಿಯನ್ನು ಯಾವುದೋ ಜಾಹೀರಾತೆಂದು ಬಗೆದು, ಆರಾಧ್ಯರು ಟವೆಲ್ ಹಾಸಿ ರಾಣಿಯನ್ನು ಕೂರಿಸಿದರು. ಅಷ್ಟರಲ್ಲಿ ಅಲ್ಲಿಗೆ ಬಂದಳು, ಉಣ್ಣೆಯ ಚೀಲವನ್ನು ಬತ್ತಳಿಕೆಯಂತೆ ಹೊತ್ತ, ಕಬ್ಬಿಣದ ಸೂಜಿಗಳನ್ನು ಬಾಣಗಳಂತೆ ಧರಿಸಿದ ರಜತಕೇಶಿನಿಯಾದ ಒಬ್ಬ ಅಜ್ಜಿ. ಮೊದಲು ಚೀಟಿ ತೋರಿಸಿದಳು, ಆಮೇಲೆ ತನ್ನ ಟಿಕೆಟ್ಟು. ಎರಡರಲ್ಲೂ ಒಂದೇ ನಂಬರು.

ಅದಕ್ಕೆ ಆರಾಧ್ಯರು ಹರಕು ಇಂಗ್ಲಿಷಿನಲ್ಲಿ ಗುಡುಗಿದ್ದರ ಭಾವಾರ್ಥ ಹೀಗಿದೆ: "ಎಲೌ ಹಿರಿಯಳೇ, ಕಾರ್ತಿಕ ಸೋಮವಾರದ ಧರ್ಮಸ್ಥಳದ ಬಸ್ಸಿನಲ್ಲಿ, ನೂರು ಜನರ ನೂಕುನುಗ್ಗಲಿನಲ್ಲಿ, ಒಂದೇ ಟವೆಲ್ಲಿನಿಂದ ಮೂರಾಳಿನ ಸೀಟು ಹಿಡಿದವನು ನಾನು! ಪೊಲೀಸನೂ ಆ ಟವೆಲ್ಲನ್ನು ಸರಿಸಲಿಲ್ಲ. ನಿನ್ನ ನಂಬರಾದರೋ ಕಾಗದದ ಮೇಲಿದೆ. ನನ್ನ ಟವೆಲ್ಲು ಸೀಟಿನ ಮೇಲೇ ಇದೆ!"

"ಮೆತ್ತಗೆ ಮಾತಾಡ್ರೀ, ಎಲ್ಲಾ ನೋಡ್ತಿದಾರೆ" ಎಂದು ಸರ್ವಮಂಗಳಮ್ಮ ಏಳಹೋದರು. "ಪಾಪ, ಅವರ ಸೀಟಂತೆ."

"ನೀನು ಕೂತ್ಕೋ ಸುಮ್ನೆ!"

ಅಜ್ಜಿ ಎಲ್ಲಿಗೆ ಪ್ರಯಾಣವೆಂದು ಕೇಳಿದಳು. ಇಂಟರ್ಲಾಕೆನ್ ಎಂದರು. "ಅಲ್ಲಿಯವರೆಗೂ ಈ ಸೀಟೇ ಬೇಕೇ?" ಎಂದಳು. ಇದೇ ಬೇಕೆಂದರು. "ಯೋಚನೆ ಮಾಡಿ ಹೇಳುತ್ತಿದ್ದೀರಾ?" ಎಂದು ಇನ್ನೊಮ್ಮೆ ಕೇಳಿದಳು. ಶತ್ರುವಿನ ದನಿಯಲ್ಲಿ ನಡುಕವನ್ನು ಕಂಡ ವೀರನು ಎದೆಯುಬ್ಬಿಸಿ, "ಕೊನೆಯವರೆಗೂ ಇದೇ!" ಎಂದನು. ಅಜ್ಜಿ ಮುಗುಳ್ನಕ್ಕು ಎದುರಿನ ಹಿಮ್ಮುಖ ಸೀಟಿನಲ್ಲಿ ಕೂತು ಹೆಣಿಗೆ ತೆಗೆದಳು. ಆರಾಧ್ಯರು ದಾರಿಯ ಮಧ್ಯೆ ಸೂಟ್‌ಕೇಸನ್ನೇ ಸಿಂಹಾಸನ ಮಾಡಿಕೊಂಡರು.

ಆಹಾ, ಒಂದೂಕಾಲು ಗಂಟೆ ಅದೆಂತಹ ವಿಜಯಯಾತ್ರೆ! ಹಳಿಗಳ ನಡುವೆ ಹಾಸಿದ ಹಲ್ಲುಪಟ್ಟಿಯನ್ನು ಕಚ್ಚಿಕೊಂಡು ರೈಲು ಬೆಟ್ಟವನ್ನು ಹತ್ತಿತು. ಸರ್ವಮಂಗಳಮ್ಮನವರ ಮುಖ ಗಾಜಿಗೆ ಅಂಟಿಹೋಗಿತ್ತು.

"ಹೊಟ್ಟೆ?"

"ಏನೂ ಇಲ್ಲ ಕಣ್ರೀ. ಆ ಹಸು ನೋಡಿ, ಎಂಥ ಗಂಟೆ!"

ಮೈರಿಂಗೆನ್ ಎಂಬಲ್ಲಿ ರೈಲು ನಿಂತಿತು. ಡ್ರೈವರು ಚೀಲ ಹಿಡಿದು ಇಳಿದು, ಪ್ಲಾಟ್‌ಫಾರ್ಮಿನ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ನಡೆದುಹೋದನು. ಟೀ ಕುಡಿಯಲು ಹೊರಟನೆಂದು ಆರಾಧ್ಯರು ಎಣಿಸಿದರು. ರೈಲು ಬಂದ ದಿಕ್ಕಿಗೇ ಹೊರಟಿತು.

"ರೀ! ವಾಪಸ್ ಹೋಗ್ತಿದೆ!"

ವಾಪಸ್ಸಲ್ಲವೆಂದು ಅಜ್ಜಿ ತಿಳಿಸಿದಳು. ಇಲ್ಲಿ ರೈಲಿನ ಹಿಂದು ಮುಂದಾಗುತ್ತದೆ, ಆಚೆ ಇನ್ನೊಂದು ಹಳಿ ಹಿಡಿಯುತ್ತದೆ, ಸರೋವರ ಈಗ ಬರುತ್ತದೆ. ನಲವತ್ತು ವರ್ಷದಿಂದ ಅವಳು ಈ ದಾರಿಯಲ್ಲಿ ಓಡಾಡುತ್ತಿದ್ದಾಳೆ. ಈಗ ಅವಳ ಮುಖ ಮುಂದಕ್ಕಿತ್ತು. ಸರ್ವಮಂಗಳಮ್ಮನವರ ಬೆನ್ನು ಮುಂದಕ್ಕಿತ್ತು.

ಕಿಟಕಿಯಾಚೆ, ಮರಗಳ ಸಂದಿಯಲ್ಲಿ, ನವಿಲುಗತ್ತಿನ ಬಣ್ಣ ಒಮ್ಮೆ ಮಿಂಚಿತು. ಸರ್ವಮಂಗಳಮ್ಮ ಅದನ್ನು ಅರೆಕ್ಷಣ ನೋಡಿ, ಬಾಯಿಗೆ ಸೆರಗು ಒತ್ತಿ, ಕಣ್ಣು ಮುಚ್ಚಿದರು.

ಸಕಲಬಸ್‌ಸ್ಟ್ಯಾಂಡ್‌ವಿಜೇತರು ಸೂಟ್‌ಕೇಸಿನಿಂದೆದ್ದು, ಎರಡೂ ಕೈ ಜೋಡಿಸಿ, ದನಿಯನ್ನು ಎಂದೂ ಇಳಿಯದಷ್ಟು ಕೆಳಕ್ಕಿಳಿಸಿ, ಚೀಟಿಯಲ್ಲಿರುವುದು ತಮ್ಮದೇ ನಂಬರಲ್ಲವೇ ತಾಯಿ, ನಿಮ್ಮ ಸೀಟಿಗೆ ನೀವು ಬನ್ನಿ, ಇದನ್ನು ಈಕೆಗೆ ಬಿಟ್ಟುಕೊಡಿ, ಹತ್ತೇ ಹತ್ತು ನಿಮಿಷ, ಎಂದು ಬೇಡಿಕೊಂಡರು.

ಅಜ್ಜಿ ಹೆಣಿಗೆಯಿಂದ ತಲೆ ಎತ್ತಲಿಲ್ಲ.

"ನೋ" ಎಂದಳು.