ಅಳುವ ಸಿನಿಮಾ ನಂಬಿ ಕೆಟ್ಟೆ

ನನಗೆ ಚೆನ್ನಾಗಿ ಬರುವ ವಿದ್ಯೆ ಒಂದೇ. ಅಳುವುದು! ಹೊಟ್ಟೆಪಾಡಿಗೆ ಬಸವನಗುಡಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ, ಅದು ಬೇರೆ ಮಾತು. ಆದರೆ ಅಳುವುದನ್ನು ನಾನು ಶಾಸ್ತ್ರೋಕ್ತವಾಗಿ ಕಲಿತಿದ್ದೇನೆ. ಕಲಿಸಿದ್ದು ಅಣ್ಣ-ತಂಗಿ ಸಿನಿಮಾಗಳು.

ಈಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ಒಂದು ಕಾಲದಲ್ಲಿ ಅಣ್ಣ-ತಂಗಿ ಸಿನಿಮಾ ಎಂಬ ಜಾತಿಯೇ ಇತ್ತು. ಅಣ್ಣ ಗಾಡಿ ಎಳೆದು ತಂಗಿಯನ್ನು ಸಾಕುತ್ತಾನೆ. ತಂಗಿ ದೊಡ್ಡ ಮನೆ ಸೇರುತ್ತಾಳೆ. ಅಣ್ಣನ ಹೆಂಡತಿ ನಡುವೆ ಕಡ್ಡಿ ಆಡಿಸುತ್ತಾಳೆ. ಯಾವುದೋ ಶುಭಕಾರ್ಯದಲ್ಲಿ ಅಣ್ಣನಿಗೆ ಅವಮಾನವಾಗುತ್ತದೆ. ಅವನು ಒಂದು ಮಾತೂ ಆಡದೆ ಹೊರಟುಬಿಡುತ್ತಾನೆ. ಬಾಗಿಲು ದಾಟುವಷ್ಟರಲ್ಲಿ ಹಿಂದಿನಿಂದ "ಅಣ್ಣಾ!" ಎಂಬ ಕೂಗು. ಅಲ್ಲಿಂದ ಮುಂದೆ ಥಿಯೇಟರಿನಲ್ಲಿ ಯಾರಿಗೂ ಪರದೆ ಸರಿಯಾಗಿ ಕಾಣಿಸುತ್ತಿರಲಿಲ್ಲ. ನನಗಂತೂ ಹೆಸರು ತೋರಿಸುವಾಗಲೇ ಕಾಣಿಸುತ್ತಿರಲಿಲ್ಲ.

ಆ ಜಾತಿ ಈಗ ನಿರ್ನಾಮವಾಗಿದೆ. ದೇವರ ಸಿನಿಮಾ ಹೋಯಿತು, ಹಾವು ಸೇಡು ತೀರಿಸಿಕೊಳ್ಳುವ ಸಿನಿಮಾ ಹೋಯಿತು, ಉದ್ದ ಕೋಟಿನ ಪತ್ತೇದಾರನೂ ಹೋದ. ಅವರು ಹೋದದ್ದಕ್ಕೆ ನನಗೇನೂ ದುಃಖವಿಲ್ಲ. ಅಣ್ಣ-ತಂಗಿ ಹೋದದ್ದನ್ನು ಮಾತ್ರ ಸಹಿಸಲಾರೆ. ಈಗಿನ ಹೀರೋಗೆ ಗಡ್ಡವಿದೆ, ಗನ್ನು ಇದೆ, ತಂಗಿ ಇಲ್ಲ!

ನನಗೆ ಇದ್ದಾಳೆ. ಹೆಸರು ಸುಮಿತ್ರಾ, ನನಗೆ ಸುಮಿ. ಮಲ್ಲೇಶ್ವರದಲ್ಲಿ ಫ್ಲಾಟು. ಕಳೆದ ಮಾಘದಲ್ಲಿ ಅವಳ ಒಬ್ಬಳೇ ಮಗಳು ಪಲ್ಲವಿಯ ಮದುವೆ. ಮದುಮಗಳನ್ನು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ, ಅಂದರೆ ನಾನು. ಆ ದಿನಕ್ಕಾಗಿ ನಾನು ಪಲ್ಲವಿ ಹುಟ್ಟಿದಾಗಿನಿಂದ ಕಣ್ಣೀರು ಕೂಡಿಟ್ಟಿದ್ದೆ. ರೇಷ್ಮೆ ಪಂಚೆ ಉಟ್ಟು, ಸೊಂಟಕ್ಕೆ ಎರಡು ಕರವಸ್ತ್ರ ಸಿಕ್ಕಿಸಿಕೊಂಡು, ಸಕಲ ಸನ್ನದ್ಧನಾಗಿ ನಿಂತಿದ್ದೆ.

ಆಗ ವೀಡಿಯೊ ತೆಗೆಯುವವನು ಬಂದ.

"ಸಾರ್, ಸೋದರಮಾವ ನೀವೇ ಅಲ್ವಾ? ಮ್ಯೂಸಿಕ್ ಶುರುವಾದ ತಕ್ಷಣ ಹುಡುಗಿ ಕೈ ಹಿಡ್ಕೊಂಡು ನಾಲ್ಕು ಸ್ಟೆಪ್ ಹಾಕ್ಬೇಕು. ಎರಡೂ ಕಡೆ ಪಟಾಕಿ ಬರುತ್ತೆ, ಹೆದರ್ಕೋಬೇಡಿ. ಫುಲ್ ಎನರ್ಜಿ ಸಾರ್!"

"ನಾನು ಕುಣಿಯಲ್ಲಪ್ಪ. ಅಳ್ತೀನಿ."

"ಅಯ್ಯೋ ಅದೆಲ್ಲ ಈಗ ಓಡಲ್ಲ ಸಾರ್. ಹಳೇದಾಯ್ತು."

ನಾನು ನ್ಯಾಯಕ್ಕಾಗಿ ಸುಮಿಯ ಮುಖ ನೋಡಿದೆ. ಅವಳು ಕೈಯಲ್ಲಿ ಅಕ್ಷತೆ ತಟ್ಟೆ, ಕಂಕುಳಲ್ಲಿ ಫೋನು ಇಟ್ಟುಕೊಂಡು ಓಡುತ್ತಿದ್ದಳು. ಓಡುತ್ತಲೇ ಅಂದಳು: "ಅಣ್ಣ, ದಯವಿಟ್ಟು ಅಳ್ಬೇಡ ಕಣೋ. ಫೋಟೋ ಎಲ್ಲ ಹಾಳಾಗುತ್ತೆ."

ಅವಮಾನ! ಶುಭಕಾರ್ಯದಲ್ಲಿ! ಅಣ್ಣನಿಗೆ! ಮುಂದೇನು ಮಾಡಬೇಕೆಂದು ನನಗೆ ಕಂಠಪಾಠವಾಗಿತ್ತು. ಒಂದು ಮಾತೂ ಆಡದೆ ಹೊರಟೆ.

ಆದಷ್ಟು ನಿಧಾನವಾಗಿಯೇ ಹೊರಟೆ. "ಅಣ್ಣಾ!" ಎನ್ನಲು ಅವರಿಗೂ ಸಮಯ ಬೇಕಲ್ಲ. ಛತ್ರದ ಬಾಗಿಲಲ್ಲಿ ಚಪ್ಪಲಿ ರಾಶಿಯಿತ್ತು. ನನ್ನದು ಕಣ್ಣೆದುರಿಗೇ ಇದ್ದರೂ ಹುಡುಕಿದೆ, ಹುಡುಕಿದೆ, ಹುಡುಕುತ್ತಲೇ ಇದ್ದೆ. ಕೊನೆಗೆ ಹಿಂದಿನಿಂದ ಹೆಜ್ಜೆ ಸದ್ದು ಕೇಳಿಸಿತು. ಸೊಂಟದ ಕರವಸ್ತ್ರಕ್ಕೆ ಕೈ ಹಾಕಿದೆ. ತಿರುಗಿದೆ.

"ಹೊರಟ್ರಾ? ಊಟ ಆಯ್ತಾ? ತಾಂಬೂಲ ತಗೊಳ್ಳಿ," ಎಂದು ಯಾರೋ ಗುರುತಿಲ್ಲದ ಹೆಂಗಸು ತೆಂಗಿನಕಾಯಿಯ ಚೀಲ ಕೈಗಿಟ್ಟು ಹೋದಳು.

ತೆಗೆದುಕೊಂಡು ಎನ್.ಆರ್. ಕಾಲೋನಿಯ ಮನೆಗೆ ಬಂದೆ. ಸಂಜೆ ನನ್ನ ಹೆಂಡತಿ ವಿಜಯಾ ಮದುವೆ ಮುಗಿಸಿ ಬಂದವಳು ಬಾಗಿಲಲ್ಲೇ ನಿಂತು ನನ್ನನ್ನು ನೋಡಿದಳು. "ಏನ್ರೀ ಮಾಡ್ಕೊಂಡ್ರಿ!" ಎಂದಳು. ಅಷ್ಟೇ. ಅದರ ಮೇಲೆ ಬೈಯಲೂ ಇಲ್ಲ.

ಮಾಘ ಕಳೆದು ಭಾದ್ರಪದ ಬಂದರೂ ಸುಮಿ ನನಗೆ ಫೋನು ಮಾಡಲಿಲ್ಲ. ಮಾನಿಷ್ಠನಾದ ನಾನೂ ಮಾಡಲಿಲ್ಲ. ಕಷ್ಟವೇನೆಂದರೆ, ನನ್ನ ಕಥೆಯಲ್ಲಿ ಕಡ್ಡಿ ಆಡಿಸುವ ಪಾತ್ರಕ್ಕೆ ಆಳೇ ಇರಲಿಲ್ಲ. ಅಣ್ಣ-ತಂಗಿ ಸಿನಿಮಾದಲ್ಲಿ ಎಲ್ಲ ತಪ್ಪೂ ಹೆಂಡತಿಯ ತಲೆಗೆ. ನನ್ನ ಮನೆಯಲ್ಲಿ ವಿಜಯಾ ಮತ್ತು ಸುಮಿ ದಿನಾ ಬೆಳಿಗ್ಗೆ ಫೋನಿನಲ್ಲಿ ಹರಟುತ್ತಿದ್ದರು. ಸುಮಿ ಮಾಡಿದ ಚಟ್ನಿಪುಡಿ ನಮ್ಮ ಮನೆಗೆ ಬರುತ್ತಿತ್ತು. ನಾನು ಮುನಿಸಿಕೊಂಡೇ ಅದನ್ನು ಇಡ್ಲಿಗೆ ಹಚ್ಚಿಕೊಂಡು ತಿನ್ನುತ್ತಿದ್ದೆ.

"ನೀನು ಸ್ವಲ್ಪ ಕೆಟ್ಟವಳಾಗಿದ್ದಿದ್ರೆ ಎಷ್ಟು ಅನುಕೂಲ ಆಗ್ತಿತ್ತು!" ಎಂದೆ ಒಂದು ದಿನ.

"ನಿಮ್ಜೊತೆ ಇಷ್ಟು ವರ್ಷ ಇದೀನಲ್ಲ, ಆಗ್ತೀನಿ ಬಿಡಿ," ಎಂದಳು ವಿಜಯಾ. "ಫೋನ್ ಮಾಡಿ ತಪ್ಪಾಯ್ತು ಅನ್ನಿ, ಮುಗೀತು."

ತಪ್ಪಾಯ್ತು ಅನ್ನಬೇಕೇ? ಅವಮಾನ ಆದದ್ದು ನನಗೆ! ಅಲ್ಲದೆ ಹಾಗೆ ಫೋನಿನಲ್ಲಿ ಮುಗಿಯುವುದಾದರೆ ಅಷ್ಟೊಂದು ಸಿನಿಮಾ ತೆಗೆದವರೆಲ್ಲ ದಡ್ಡರೇ? ಅಣ್ಣ-ತಂಗಿ ಒಂದಾಗುವುದಕ್ಕೆ ಒಂದು ಕ್ರಮವಿದೆ. ಗೌರಿ ಹಬ್ಬ ಬರಬೇಕು. ಅಣ್ಣ ತವರಿನ ಬಾಗಿನ ಹಿಡಿದು ತಂಗಿಯ ಬಾಗಿಲಿಗೆ ಹೋಗಬೇಕು. ಮಳೆ ಸುರಿಯುತ್ತಿರಬೇಕು. ಉಳಿದದ್ದು ತಾನಾಗಿಯೇ ಆಗುತ್ತದೆ.

ಹಬ್ಬದ ದಿನ ವಿಜಯಾ ಮೊರದ ಬಾಗಿನ ಕಟ್ಟಿಕೊಟ್ಟಳು. ಅಕ್ಕಿ, ಬೇಳೆ, ಬೆಲ್ಲ, ಕಾಯಿ, ಬಳೆ, ಬಾಚಣಿಗೆ, ಕನ್ನಡಿ, ರವಿಕೆ ಕಣ. ಮೇಲೊಂದು ಮೊರ ಮುಚ್ಚಿ ದಾರ ಬಿಗಿದಿದ್ದಳು. ನಾನು ಕನ್ನಡಿಯ ಮುಂದೆ ನಿಂತು ಮಾತು ಅಭ್ಯಾಸ ಮಾಡುತ್ತಿದ್ದೆ: "ತಂಗೀ, ಈ ಅಣ್ಣನ ಬಾಗಿನ ಬಡವರದ್ದಿರಬಹುದು, ಆದರೆ ಪ್ರೀತಿ..."

"ಯಾರ್ರೀ ಬಡವರು?" ಎಂದು ಒಳಗಿನಿಂದ ವಿಜಯಾ ಕೂಗಿದಳು. "ಗಾಂಧಿ ಬಜಾರಿನ ಜನಜಂಗುಳಿಯಲ್ಲಿ ನುಗ್ಗಿ ಇರೋದ್ರಲ್ಲೇ ಒಳ್ಳೇದು ಆರಿಸಿ ತಂದಿದೀನಿ. ಕೊಡೆ ತಗೊಂಡು ಹೋಗಿ."

ಕೊಡೆಯೇ? ನೆನೆಯದ ಅಣ್ಣನನ್ನು ಯಾರು ನೋಡುತ್ತಾರೆ? ಬೇಕೆಂದೇ ಬಿಟ್ಟು ಹೋದೆ. ಆ ದಿನ ಭಾದ್ರಪದದ ಬಿಸಿಲು ಹೇಗೆ ಕಾಯಿತೆಂದರೆ, ನಾನು ಮೆಟ್ರೊ ನಿಲ್ದಾಣ ಸೇರುವಷ್ಟರಲ್ಲಿ ನಿಜವಾಗಿಯೂ ನೆಂದಿದ್ದೆ, ಬೆವರಿನಿಂದ.

ನಿಲ್ದಾಣದಲ್ಲಿ ಬಾಗಿನವನ್ನು ತಪಾಸಣೆಯ ಯಂತ್ರದೊಳಗೆ ಹಾಕಿ ಎಂದರು. ತಂಗಿಯ ಸೌಭಾಗ್ಯವನ್ನು ಯಂತ್ರಕ್ಕೆ ತಳ್ಳುವುದೇ! ಅದರ ಬಾಯಲ್ಲಿ ಸಿಕ್ಕಿಕೊಳ್ಳಬಾರದೆಂದು ನಾನೇ ಅತಿ ಜಾಣತನದಿಂದ ದಾರ ಸಡಿಲಿಸಿ, ಮೊರವನ್ನು ಓರೆಯಾಗಿ ಇಟ್ಟೆ. ಈಚೆ ಬಂದದ್ದನ್ನು ಎತ್ತಿಕೊಂಡಾಗ ತೊಗರಿಬೇಳೆ ಸುರಿಯತೊಡಗಿತು. ರೈಲಿನಲ್ಲಿ ಒಬ್ಬರು ಪಕ್ಕ ಸರಿದು ನಿಂತರು. ಮಲ್ಲೇಶ್ವರದಲ್ಲಿ ಇಳಿದು ಸುಮಿಯ ಮನೆಯವರೆಗೆ ನಾನು ನಡೆದ ದಾರಿಯನ್ನು ಪಾರಿವಾಳಗಳು ಹಬ್ಬದೂಟಕ್ಕೆ ಬಂದಂತೆ ಅನುಸರಿಸಿದವು.

ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯುರಿಟಿಯವನು ತಡೆದ.

"ಡೆಲಿವರಿನಾ ಸಾರ್?"

"ಅಲ್ಲಪ್ಪ. ತವರಿನ ಬಾಗಿನ."

ಅವನ ಫೋನಿನಲ್ಲಿ ಹಾಗೆಂಬ ಆಯ್ಕೆ ಇರಲಿಲ್ಲ. ಊಟ, ದಿನಸಿ, ಪಾರ್ಸೆಲ್ ಎಂದಷ್ಟೇ ಇತ್ತು. ಅವನು ಬಹಳ ಯೋಚಿಸಿ ದಿನಸಿ ಒತ್ತಿದ. ಕ್ಷಣದಲ್ಲಿ ಮೇಲಿನಿಂದ ಉತ್ತರ ಬಂತು.

"ಗೇಟಲ್ಲೇ ಇಡಿ ಅಂತಿದಾರೆ ಸಾರ್."

ಅವನು ಬಾಗಿನವನ್ನು ಗೌರವದಿಂದಲೇ ಇಸಕೊಂಡು ಕಪಾಟಿನಲ್ಲಿ ಇಟ್ಟ. ಎಡಕ್ಕೆ ಯಾರದೋ ನಾಯಿಯ ಬಿಸ್ಕತ್ತು, ಬಲಕ್ಕೆ ಯಾರದೋ ಬಿರಿಯಾನಿ. ನಾನು ಹೌಹಾರಿ ಬಾಗಿನ ವಾಪಸು ಕಿತ್ತುಕೊಂಡು, ಇಂಟರ್‌ಕಾಮ್ ಹಿಡಿದು, ಕಣ್ಣು ಮುಚ್ಚಿ, ಗದ್ಗದ ಕಂಠದಿಂದ ಆರಂಭಿಸಿದೆ: "ತಂಗೀ, ಈ ಅಣ್ಣನ ಬಾಗಿನ..."

"ಅಣ್ಣಾನಾ? ಕೆಳಗ್ಯಾಕೆ ನಿಂತಿದೀಯ? ಮೇಲೆ ಬಾ. ಲಿಫ್ಟ್ ಕೆಟ್ಟಿದೆ, ಮೆಟ್ಲಲ್ಲಿ ಬಾ."

ಅಷ್ಟೇ! ಇಷ್ಟು ತಿಂಗಳ ಮೌನ ಮುರಿದದ್ದು ಹೀಗೆ! ನಾಲ್ಕನೇ ಮಹಡಿ ತಲುಪಿದಾಗ ನನಗೆ ದುಃಖಕ್ಕೂ ಉಸಿರಿರಲಿಲ್ಲ. ಬಾಗಿಲು ತೆರೆದೇ ಇತ್ತು. ಸುಮಿ ಒಲೆಯ ಮುಂದೆ ಹೋಳಿಗೆ ಬೇಯಿಸುತ್ತಿದ್ದಳು. ಬಾಗಿನ ನೋಡಿ, "ಪಾಪ, ಅತ್ತಿಗೆ ಎಷ್ಟು ಚೆನ್ನಾಗಿ ಕಟ್ಟಿರ್ತಾರೆ. ನೀನು ಚೆಲ್ಕೊಂಡು ಬಂದಿದೀಯ. ದೇವರ ಮುಂದೆ ಇಡು," ಎಂದಳು.

ಇಟ್ಟೆ. ಅವಳು ನನ್ನನ್ನು ಬೈಯಲಿಲ್ಲ, ಮುಖ ತಿರುಗಿಸಲಿಲ್ಲ. ಪಕ್ಕದ ಮನೆಯವರೊಂದಿಗೆ ಮಾತಾಡುವಂತೆ ಮಾತಾಡಿದಳು. ಜಗಳವಾಡಿದ್ದರೆ ಎಷ್ಟೋ ವಾಸಿಯಿತ್ತು.

"ಸುಮಿ, ಅವತ್ತು ನೀನು ಹಾಗಂದಾಗ ನನಗೆಷ್ಟು ನೋವಾಯ್ತು ಗೊತ್ತಾ? ಚಿಕ್ಕೋರಿದ್ದಾಗ ನಾವಿಬ್ರೂ ಆ ಸಿನಿಮಾ ನೋಡ್ಕೊಂಡು ಎಷ್ಟು ಅಳ್ತಿದ್ವಿ..."

"ನಾವಿಬ್ರೂ ಅಲ್ಲ. ನೀನು ಅಳ್ತಿದ್ದೆ. ನಾನು ಕಡ್ಲೆಕಾಯಿ ತಿಂತಿದ್ದೆ." ಹೋಳಿಗೆ ತಿರುವಿ ಹಾಕಿ ಮುಂದುವರಿಸಿದಳು. "ಯಾರಾದ್ರೂ ಹಿಂದೆ ಬರ್ತಾರೆ ಅಂತ ಕಾಯ್ತಿದ್ದೆ ಅಲ್ವಾ? ಅತ್ತಿಗೆ ಹೇಳಿದ್ರು. ಬರೋಕೆ ಯಾರಿದ್ರು ಅಣ್ಣ? ಪಲ್ಲವಿ ಅಪ್ಪ ಅಂತರಪಟದ ಹತ್ರ ನಿಂತಿದ್ರು. ಪುರೋಹಿತರು ಸೋದರಮಾವ ಎಲ್ಲಿ, ಮುಹೂರ್ತ ಮೀರ್ತಿದೆ ಅಂತ ಕೂಗ್ತಿದ್ರು. ಪಲ್ಲವಿ ಹಾರ ಹಿಡ್ಕೊಂಡು ಒಬ್ಳೇ ರೂಮಿನ ಬಾಗ್ಲಲ್ಲಿ ನಿಂತಿದ್ಲು. ಮಾವ ಇಲ್ದೇ ನಾನು ಬರಲ್ಲ ಅಂದ್ಳು. ಅವಳೂ ಕಾದ್ಳು."

ನನ್ನ ಕಣ್ಣಲ್ಲಿ ನೀರು ಬಂತು. ಜೀವನದಲ್ಲಿ ಮೊದಲ ಸಲ, ನಾನು ಕರೆಯದೆ ಬಂತು.

"ಅಳ್ಬೇಡ," ಎಂದಳು ಸುಮಿ. ಈ ಸಲ ಅವಳು ಫೋಟೋ ಮಾತೆತ್ತಲಿಲ್ಲ. "ಇನ್ನೊಂದು ವಿಷಯ. ಅಳಿಯಂದ್ರು ಇನ್ನೇನು ಬರ್ತಾರೆ. ಅವರ ಮುಂದೆ ಸೋದರಮಾವ ಅಂತ ಬಾಯ್ಬಿಡ್ಬೇಡ. ಅವತ್ತು ವೀಡಿಯೊದವನು ಎಲ್ಲಿಂದಲೋ ಒಬ್ಬರನ್ನ ಕರ್ಕೊಂಡು ಬಂದ, ಸೀರಿಯಲ್‌ನಲ್ಲಿ ಸಣ್ಣಪುಟ್ಟ ಪಾರ್ಟ್ ಮಾಡ್ತಾರಂತೆ. ಅವರೇ ಪಲ್ಲವಿನ ಕರ್ಕೊಂಡು ಬಂದ್ರು. ಬೀಗರಿಗೆ ಅವರೇ ನಮ್ಮಣ್ಣ ಅಂತ ಹೇಳಿದೀವಿ. ಸೋದರಮಾವ ಮುನಿಸ್ಕೊಂಡು ಎದ್ದು ಹೋದ ಅಂತ ಹೇಳೋಕಾಗ್ತಿತ್ತಾ?"

ಪಲ್ಲವಿ ರೂಮಿನಿಂದ ಬಂದಳು. ಮೊದಲ ಗೌರಿ ಹಬ್ಬಕ್ಕೆಂದು ತವರಿಗೆ ಬಂದಿದ್ದಳು. ಕೈತುಂಬ ಹಸಿರು ಬಳೆ. ನಾನು ಎದ್ದು ನಿಂತೆ. ಕನ್ನಡಿಯ ಮುಂದೆ ಕಲಿತ ಒಂದು ಮಾತೂ ನಾಲಿಗೆಗೆ ಬರಲಿಲ್ಲ.

"ತಪ್ಪಾಯ್ತು ಪುಟ್ಟಿ," ಎಂದೆ.

"ಅಯ್ಯೋ ಪರವಾಗಿಲ್ಲ ಮಾವ," ಎಂದು ಅವಳು ನಕ್ಕಳು. "ವೀಡಿಯೊ ತುಂಬಾ ಚೆನ್ನಾಗಿ ಬಂದಿದೆ. ನೀವಿಲ್ಲ ಅಂತ ಯಾರಿಗೂ ಗೊತ್ತಾಗಲ್ಲ."

ಸಮಾಧಾನಕ್ಕೇ ಹೇಳಿದಳು, ಪಾಪ. ಹೇಳಿ ಟಿ.ವಿ.ಯಲ್ಲಿ ಹಾಕಿಯೂ ತೋರಿಸಿದಳು. ಸಂಗೀತ, ಪಟಾಕಿ, ಹೊಗೆ. ಹೊಗೆಯೊಳಗಿನಿಂದ ನನಗಿಂತ ಎತ್ತರದ, ನನಗಿಂತ ಕೂದಲಿರುವ ಒಬ್ಬ ಮನುಷ್ಯ ಪಲ್ಲವಿಯ ಕೈ ಹಿಡಿದು ಬಂದ. ನಾಲ್ಕು ಸ್ಟೆಪ್ ಹಾಕಿದ. ಮಂಟಪ ಬಂದಾಗ ನಿಂತು, ಅವಳ ತಲೆಯ ಮೇಲೆ ಕೈಯಿಟ್ಟು, ನಿಧಾನವಾಗಿ ಕಣ್ಣೊರೆಸಿಕೊಂಡ. ಕ್ಯಾಮೆರಾ ಅವನ ಕಣ್ಣೀರಿನ ಹತ್ತಿರಕ್ಕೇ ಹೋಯಿತು. ಅಳು ಈಗ ಓಡಲ್ಲ ಅಂದಿದ್ದ ಆ ವೀಡಿಯೊದವನು! ಅತ್ತದ್ದರಲ್ಲಿ ಒಂದು ದೋಷ ಹುಡುಕೋಣವೆಂದು ಕಣ್ಣರಳಿಸಿ ನೋಡಿದೆ. ಇರಲಿಲ್ಲ. ಹನಿ ಸರಿಯಾಗಿ ಕೆನ್ನೆಯ ಮಧ್ಯಕ್ಕೆ ಬಂದು ನಿಂತಿತ್ತು. ನನಗಾದರೆ ಮೊದಲು ಮೂಗು ಸೋರುತ್ತದೆ.

ಅಷ್ಟರಲ್ಲಿ ಅಳಿಯಂದಿರು ಬಂದರು. ಒಳ್ಳೆಯ ಹುಡುಗ. ನನ್ನನ್ನು ನೋಡಿ ಕೈಮುಗಿದ.

"ಇವರು ನಮ್ಮ ಕಡೆಯವರು, ಎನ್.ಆರ್. ಕಾಲೋನಿಯಿಂದ ಬಂದಿದಾರೆ," ಎಂದಳು ಸುಮಿ, ನನ್ನತ್ತ ನೋಡದೆ.

ಎಲ್ಲರೂ ಊಟಕ್ಕೆ ಕುಳಿತೆವು. ಟಿ.ವಿ. ಇನ್ನೂ ಓಡುತ್ತಿತ್ತು. ಹುಡುಗ ಅತ್ತ ನೋಡಿ ಹೇಳಿದ: "ಅಂಕಲ್, ಆ ಸೋದರಮಾವ ಅತ್ತಿದ್ದು ನೋಡಿದ್ರಾ? ನಮ್ಮಮ್ಮ ಈಗಲೂ ಹೇಳ್ತಿರ್ತಾರೆ, ಅಂಥ ಅಣ್ಣ ಸಿಗೋಕೆ ಪುಣ್ಯ ಮಾಡಿರ್ಬೇಕು ಅಂತ. ಹಬ್ಬಕ್ಕೆ ಬರ್ತಾರೆ ಅಂದ್ಕೊಂಡಿದ್ದೆ. ಯಾಕೆ ಬಂದಿಲ್ಲ?"

ಸುಮಿಯ ಕೈಯಲ್ಲಿ ತುಪ್ಪದ ಚಮಚ ನಿಂತಿತು. ಪಲ್ಲವಿ ಎಲೆ ನೋಡುತ್ತಿದ್ದಳು. ಉತ್ತರ ಕೊಡುವ ಸರದಿ ನನ್ನದಾಯಿತು.

"ಆತ ಸ್ವಲ್ಪ ಮುಂಗೋಪಿ ಕಣಪ್ಪ. ಯಾವ್ದೋ ಸಣ್ಣ ಮಾತಿಗೆ ಮುನಿಸ್ಕೊಂಡು ಹೋದ."

"ಛೆ! ಅಷ್ಟು ಒಳ್ಳೆ ಮನುಷ್ಯ! ಯಾರಾದ್ರೂ ಹಿಂದೆ ಹೋಗಿ ಕರ್ಕೊಂಡು ಬರಬಾರದಾಗಿತ್ತಾ ಅಂಕಲ್?"

ಮಾಘದಿಂದ ನಾನು ಕಾದಿದ್ದ ಮಾತು ಕೊನೆಗೂ ಒಬ್ಬರ ಬಾಯಿಂದ ಬಂತು. ಬಂದದ್ದು ಟಿ.ವಿ.ಯೊಳಗಿನ ಅವನಿಗಾಗಿ!

"ಬಿಡಪ್ಪ, ಅಂಥವರ ಹಿಂದೆ ಎಷ್ಟು ಅಂತ ಹೋಗೋದು," ಎಂದು ಹೇಳಿ, ಎರಡನೆಯ ಹೋಳಿಗೆಗೆ ಎಲೆ ಮುಂದೆ ಸರಿಸಿದೆ.