ಕೆರೆ ಮೇಸ್ತ್ರಿಯ ಕಡಲ ತನಿಖೆ

ನೀರಿನ ವಿಷಯದಲ್ಲಿ ಯಾರಾದರೂ ನನಗೆ ಬುದ್ಧಿ ಹೇಳಿದರೆ ಮೈಯೆಲ್ಲ ಉರಿಯುತ್ತದೆ. ಉರಿಯದೆ ಇನ್ನೇನು? ಸಿರಾ ತಾಲ್ಲೂಕಿನ ಹತ್ತೊಂಬತ್ತು ಕೆರೆಗಳ ಮಟ್ಟಗಲ್ಲು ನೋಡಿ, ಎಷ್ಟು ಅಡಿ ನೀರಿದೆಯೆಂದು ಪುಸ್ತಕದಲ್ಲಿ ಬರೆಯುವ ಕೆರೆ ಮೇಸ್ತ್ರಿ ನಾನು. (ಬಹಳ ವರ್ಷ ‘ಇಲ್ಲ’ ಎಂದೇ ಬರೆದಿದ್ದೇನೆ. ಆದರೆ ಇಲ್ಲವೆಂದು ಬರೆಯುವುದಕ್ಕೂ ಹೋಗಿ ನೋಡಲೇಬೇಕಲ್ಲ.) ನಮ್ಮ ಹುಲಿಕುಂಟೆಯ ಕಡೆ ನಾನು ಬಾಯಿ ಬಿಡುವವರೆಗೆ ಯಾರೂ ಭತ್ತದ ಮಡಿ ಮಾಡುತ್ತಿರಲಿಲ್ಲ. ನನ್ನ ಧರ್ಮಪತ್ನಿ ಗೌರಕ್ಕ ಮಾತ್ರ, ಹಂಡೆಯಲ್ಲಿ ನೀರು ಮುಗಿದದ್ದು ಕಾಣದವರು ಕೆರೆ ಅಳೆಯುತ್ತಾರಂತೆ ಎಂದು ಪಾತ್ರೆಗಳ ಹತ್ತಿರ ಹೇಳಿಕೊಳ್ಳುತ್ತಿದ್ದಳು.

ಐವತ್ತೊಂಬತ್ತನೆಯ ಇಸವಿಯ ಬೇಸಿಗೆ. ಗೌರಕ್ಕನ ಅಣ್ಣ ಅಂಜನಪ್ಪ ವರ್ಷಾವರ್ಷ ಮಳೆಗಾಲಕ್ಕೆ ಮುಂಚೆ ಕಂಬಳಿ ಮಾರಲು ಮಂಗಳೂರಿಗೆ ಹೋಗಿ, ಬಂದರಿನ ಹತ್ತಿರ ಒಂದು ಕೋಣೆ ಹಿಡಿಯುತ್ತಿದ್ದ. ನೀವೂ ಬನ್ನಿ, ಸುಲ್ತಾನ್ ಬತ್ತೇರಿ, ದೀಪಸ್ತಂಭ, ಉಳ್ಳಾಲ ಎಲ್ಲ ತೋರಿಸುತ್ತೇನೆ ಎಂದು ಕಾಗದ ಬರೆದ. ರಾಜ್ಯ ಒಂದಾದ ಮೇಲೆ ಆ ಸಮುದ್ರವೂ ನಮ್ಮದೇ ತಾನೆ, ಒಮ್ಮೆ ತನಿಖೆ ಮಾಡಿ ಬರುವುದು ಒಳ್ಳೆಯದು ಎನಿಸಿತು ನನಗೆ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಒಂದು ಗಂಟು ರಾಗಿ ರೊಟ್ಟಿ, ಜೊತೆಗೆ ಗೌರಕ್ಕನ ಕರಿ ಕಂಬಳಿ. ಆ ಕಂಬಳಿಯ ಉಣ್ಣೆಯನ್ನು ನಮ್ಮತ್ತೆ ತಾನು ಸಾಯುವ ವರ್ಷ ಸ್ವಂತ ಕೈಯಿಂದ ನೂತು ಮಗಳಿಗೆಂದು ನೇಯಿಸಿದ್ದಳು. ಗೌರಕ್ಕ ಊರು ಬಿಟ್ಟು ಹೊರಟರೆ ಅದನ್ನು ಬಿಟ್ಟು ಹೊರಡುವವಳಲ್ಲ.

ಮೊದಲ ದಿನ ಅಂಜನಪ್ಪನ ಜೊತೆ ಬತ್ತೇರಿ ನೋಡಿ, ದೋಣಿಯಲ್ಲಿ ಹೊಳೆ ದಾಟಿ ತಣ್ಣೀರುಬಾವಿಯ ಮರಳಿಗೆ ಹೋದೆವು. (ಹೆಸರಿನಲ್ಲೇ ಬಾವಿ ಇರುವುದರಿಂದ ಆ ಸ್ಥಳದ ಮೇಲೆ ನನಗೆ ಮೊದಲೇ ನಂಬಿಕೆ ಬಂದಿತ್ತು.) ಸಮುದ್ರ ಕಂಡು ಮಕ್ಕಳು ಬಾಯಿ ತೆರೆದು ನಿಂತವು. ನಾನು ಏರಿ ಎಲ್ಲಿದೆ, ಕೋಡಿ ಎಲ್ಲಿದೆ ಎಂದು ಹುಡುಕಿದೆ. ಇಷ್ಟು ದೊಡ್ಡ ಕೆರೆಗೆ ಒಂದು ತೂಬು ಕೂಡ ಇಟ್ಟಿರಲಿಲ್ಲ. ಯಾರೋ ಬೇಜವಾಬ್ದಾರಿ ಕೆಲಸ ಮಾಡಿದ್ದಾರೆ ಎಂದುಕೊಂಡೆ.

ತಂಪಾಗಿರಲೆಂದು ನೀರಿಗೆ ಹತ್ತು ಮಾರು ದೂರದಲ್ಲಿ ಜಾಗ ಗೊತ್ತುಮಾಡಿದೆ. ಗೌರಕ್ಕ ಕಂಬಳಿ ಹಾಸಲು ಒಪ್ಪಲಿಲ್ಲ. ಬಗ್ಗಿ ಮರಳು ಮುಟ್ಟಿ ನೋಡಿದಳು.

“ಇಲ್ಲೆಲ್ಲಾ ತ್ಯಾವ ಐತೆ. ನೀರು ಇಲ್ಲಿಗಂಟ ಬಂದು ಹೋಗೈತೆ. ಮೇಲ್ಕೆ ಹೋಗಾನ ನಡೀರಿ.”

“ಅದು ಹೋದ ಮಳೆಗಾಲದ ತ್ಯಾವ ಕಣೆ,” ಎಂದೆ. “ಬ್ಯಾಸಿಗೇಲಿ ನೀರು ಇಳೀತದೆ, ಏರಕ್ಕಿಲ್ಲ. ಏರ್ಬೇಕಾದ್ರೆ ಮೋಡ ಬೇಕು. ಎಲ್ಲೈತೆ ಮೋಡ, ತೋರ್ಸು.”

ಮೋಡ ಇರಲಿಲ್ಲ. ಅವಳು ಸೋತು ಕಂಬಳಿ ಹಾಸಿದಳು. ನಾನು ಅಭ್ಯಾಸಬಲದಿಂದ ನೀರಂಚಿನಲ್ಲಿ ಒಂದು ಕಡ್ಡಿ ನೆಟ್ಟು, ಪುಸ್ತಕ ತೆಗೆದು ‘ಸಮುದ್ರ. ಮಟ್ಟ ಸ್ಥಿರ’ ಎಂದು ಬರೆದು ಸಹಿ ಹಾಕಿದೆ. ರೊಟ್ಟಿ ತಿಂದೆವು. ದೂರದಲ್ಲಿ ಬಲೆ ಎಳೆಯುವುದನ್ನು ನೋಡಲು ಹೊರಟಾಗ ಗೌರಕ್ಕ ಕಂಬಳಿ ಮಡಿಸತೊಡಗಿದಳು. ಇರಲಿ ಬಿಡು, ಅದರ ಜವಾಬ್ದಾರಿ ನನ್ನದು ಎಂದು ಅಭಯಹಸ್ತ ತೋರಿಸಿದೆ.

ಮರಳಿ ಬಂದಾಗ ಕಡ್ಡಿ ಇರಲಿಲ್ಲ, ಗಂಟು ಇರಲಿಲ್ಲ, ನನ್ನ ಚಪ್ಪಲಿ ಇರಲಿಲ್ಲ. ಕಂಬಳಿ ಹಾಸಿದ್ದ ಕಡೆ ಮೊಣಕಾಲುದ್ದ ನೀರು ನಿಂತಿತ್ತು. ಜಾಗ ತಪ್ಪಿರಬೇಕು ಎಂದೆ. ನೀರಿಗೆ ಇಳಿದು ತಡಕಾಡಿದೆ. ಒಂದು ಅಲೆ ನನ್ನನ್ನು ಎತ್ತಿ, ಗೌರಕ್ಕನ ಪಾದದ ಬುಡಕ್ಕೇ ತಂದು ಸಾಷ್ಟಾಂಗ ಹಾಕಿಸಿತು.

ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಸುಖವಾಗಿತ್ತು. ಮರಳಿನ ಮೇಲೆ ಕುಳಿತುಬಿಟ್ಟಳು, ಕಂಬಳಿ ಸಿಗದೆ ಏಳುವುದಿಲ್ಲ ಎಂದಳು, ಅಷ್ಟೆ. ಮೀನಿನ ಬುಟ್ಟಿ ಹೊತ್ತು ಬಂದ ಹೆಂಗಸೊಬ್ಬಳು ವಿಷಯ ಕೇಳಿ ಅವಳ ಪಕ್ಕ ಕುಳಿತಳು.

“ಕಡಲು ದಿನಕ್ಕೆ ಎರಡು ಸಲ ಏರ್ತದೆ, ಎರಡು ಸಲ ಇಳೀತದೆ. ಸಂಜೆಗೆ ಇಳಿದಾಗ ನೋಡುವ. ನಿಮ್ಮ ಊರಲ್ಲಿ ಹೇಳುವವರು ಯಾರೂ ಇಲ್ವಾ?”

ಗೌರಕ್ಕ ನನ್ನ ಕಡೆ ನೋಡಲೂ ಇಲ್ಲ. ಹುಣ್ಣಿಮೆಗೆ ಎಷ್ಟು, ಅಮಾವಾಸ್ಯೆಗೆ ಎಷ್ಟು, ದಿನಕ್ಕೆ ಎಷ್ಟು ಹೊತ್ತು ತಡ ಎಂದು ಆ ಹೆಂಗಸಿನಿಂದ ಕಡಲಿನ ಲೆಕ್ಕವನ್ನೆಲ್ಲ ಕೇಳಿ ಬಾಯಿಪಾಠ ಮಾಡಿಕೊಂಡಳು. ಅಂಜನಪ್ಪ ಮಕ್ಕಳನ್ನು ಆಡಿಸಿದ. ನಾನು ಒದ್ದೆ ಪಂಚೆಯಲ್ಲಿ ದೂರ ಕುಳಿತು ದೇವರನ್ನು ನೆನೆದೆ.

ಹೊತ್ತು ಇಳಿಯುವಾಗ ನೀರೂ ಇಳಿಯಿತು. ನೂರು ಮಾರು ಆಚೆ ಮರಳಲ್ಲಿ ಅರ್ಧ ಹೂತ ಕರಿ ಅಂಚು ಕಂಡಿತು. ಗೌರಕ್ಕ ಓಡಿ ಹೋಗಿ ಎಳೆದಳು, ಎರಡು ಕೈಯಲ್ಲೂ ಎತ್ತಿ ಮುಖಕ್ಕೆ ಹಿಡಿದಳು. ಹುಣಸೆ ಬೀಜದ ಗಂಜಿ ಹಾಕಿದ ಕಂಬಳಿ ಅದು. ಆರು ವರ್ಷವಾದರೂ ಅದರಲ್ಲಿ ಅತ್ತೆಯ ಮನೆಯ ವಾಸನೆ ಇತ್ತು.

“ಅವ್ವನ ವಾಸ್ನೆ ಹೊಂಟೋಯ್ತು ಕಣ್ರೀ,” ಎಂದಳು ಮೆಲ್ಲಗೆ.

ಆ ಮಾತಿಗೆ ನನಗೆ ಅಳುವೇ ಬಂತು. ತಪ್ಪಾಯಿತು ಎಂದು ಅವಳ ಅಣ್ಣನ ಎದುರಿಗೇ ಹೇಳಿದೆ. ಮದುವೆಯಾದ ಹನ್ನೊಂದು ವರ್ಷದಲ್ಲಿ ನಾನು ತಪ್ಪೊಪ್ಪಿಕೊಂಡದ್ದು ಅದೇ ಮೊದಲು. ಅವಳು ಕಂಬಳಿಯ ಇನ್ನೊಂದು ತುದಿ ನನ್ನ ಕೈಗೆ ಕೊಟ್ಟಳು. ಇಬ್ಬರೂ ಸೇರಿ ಹಿಂಡಿದೆವು. ಮಾರನೆಯ ದಿನ ಉಳ್ಳಾಲದಲ್ಲಿ ಎಲ್ಲಿ ಕೂರಬೇಕು, ಎಷ್ಟು ಹೊತ್ತು ಕೂರಬೇಕು ಎಂದು ಅವಳೇ ಹೇಳಿದಳು. ನಮ್ಮ ಕಾಲಿನ ಬೆರಳೂ ನೆನೆಯಲಿಲ್ಲ.

ಮುಗಿಯಿತು ಎಂದುಕೊಂಡೆ. ಆದರೆ ಅಂಜನಪ್ಪನಿಗೂ ಬಾಯಿ ಇದೆ. ಅವನು ಊರಿಗೆ ಬಂದ ವಾರದಲ್ಲೇ ಕಥೆ ಹುಲಿಕುಂಟೆಯ ಎಲ್ಲ ಜಗಲಿಗಳನ್ನೂ ಹತ್ತಿ ಇಳಿಯಿತು.

ಆ ವರ್ಷ ಮಳೆ ಚೆನ್ನಾಗಿ ಬಂದು ಕೆರೆಗೆ ಆರಡಿ ನೀರು ನಿಂತಿತು. ಕೆರೆಯಂಗಳದ ಮೇಲುಗಡೆ ಕುರಿರೊಪ್ಪ ಹಾಕಿದ್ದ ಚಿಕ್ಕನರಸಯ್ಯ ನಮ್ಮ ಮನೆಗೆ ಬಂದ. ಜಗಲಿಯ ಮೇಲೆ ಪುಸ್ತಕ ಬಿಡಿಸಿ ಕುಳಿತಿದ್ದ ನನ್ನನ್ನು ದಾಟಿ ಒಳಗೆ ಇಣುಕಿ, ಅಕ್ಕ ಇಲ್ಲವಾ ಎಂದು ಕೇಳಿದ. ನೀರು ಅವನ ರೊಪ್ಪದ ತನಕ ಏರುತ್ತದೋ ಇಲ್ಲವೋ ತಿಳಿಯಬೇಕಿತ್ತಂತೆ.

ಗೌರಕ್ಕ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಪಾಪ, ನನ್ನ ಮುಖ ನೋಡಿ ಅವಳಿಗೇ ಕನಿಕರ ಹುಟ್ಟಿರಬೇಕು. “ಅದು ಅವ್ರ ಕೆಲ್ಸ ಕಣಣ್ಣ, ಅವ್ರನ್ನೇ ಕೇಳು,” ಎಂದಳು. ಅವನು ಜಗಲಿಯ ತುದಿಯಲ್ಲಿ ಕುಳಿತ.

ನನಗೆ ಎದೆ ತುಂಬಿ ಬಂತು. ಮಟ್ಟಗಲ್ಲಿನ ಲೆಕ್ಕ ಮೂರು ಸಲ ನೋಡಿದೆ, ಆಕಾಶ ನೋಡಿದೆ, ಕೆರೆಗೆ ಬರುವ ಹಳ್ಳದ ಹರಿವು ನಿಂತಿರುವುದನ್ನು ಯೋಚಿಸಿದೆ. ಆಮೇಲೆ ಗಂಭೀರವಾಗಿ, ಇನ್ನು ಒಂದು ಗೇಣೂ ಏರುವುದಿಲ್ಲ, ಧೈರ್ಯವಾಗಿರು ಎಂದೆ.

ಚಿಕ್ಕನರಸಯ್ಯ ದಡಕ್ಕನೆ ಎದ್ದ. ಎದ್ದವನೇ ರೊಪ್ಪ ಕಿತ್ತು ಮೇಲಕ್ಕೆ ಸಾಗಿಸಲು ಓಡಿದ.