ಭಾವನವರ ಕಳ್ಳ ಹಿಡಿಯುವ ಪಾಠ

ನಮ್ಮ ಯಜಮಾನರ ಅಣ್ಣನಷ್ಟು ಸಲ ಕದ್ದವರು ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನಲ್ಲಿ ಇನ್ನೊಬ್ಬರಿಲ್ಲ! ಕದ್ದದ್ದೆಲ್ಲ ತಮ್ಮದೇ ವಸ್ತು, ಅಷ್ಟೇ.

ಆನವಟ್ಟಿ ಕಡೆಯ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುತ್ತಿದ್ದ ಈ ಭಾವನವರು ಪ್ರತಿ ಜೂನ್‌ನಲ್ಲೂ ತಮ್ಮ ಕೈಗಡಿಯಾರವನ್ನು ಜೇಬಿನಲ್ಲಿ ಅಡಗಿಸಿ, "ಕಳುವಾಗೈತಿ. ಯಾರ ಮೇಲೆ ಅನುಮಾನ?" ಎನ್ನುತ್ತಿದ್ದರು. ಇಡೀ ತರಗತಿ ಹಿಂದಿನ ಬೆಂಚಿನ ಹರಿದ ಅಂಗಿಗಳ ಕಡೆ ತಿರುಗುತ್ತಿತ್ತಂತೆ. ಆಗ ಗಡಿಯಾರ ಹೊರಗೆ. "ಪೊಲೀಸರೂ ಹಿಂಗೇ. ಕಳ್ಳತನ ನೋಡಲ್ಲ, ಅಂಗಿ ನೋಡ್ತಾರೆ. ಬರ್ಕಳ್ಳಿ."

ಒಮ್ಮೆ ಜಡೆ ಊರಿನ ಬಸ್ಸಿನಲ್ಲೂ ಕೊಡೆ ಕಳುವಾಯಿತೆಂದರು. ಪಕ್ಕದಲ್ಲಿದ್ದ ಪೇದೆ ನೇರವಾಗಿ ಕಂಬಳಿ ಹೊದ್ದ ಕುರಿಗಾಹಿಯೊಬ್ಬನ ಗಂಟು ಬಿಚ್ಚಿಸಿದ. ಭಾವನವರು ಸೀಟಿನಡಿಯಿಂದ ಕೊಡೆ ತೆಗೆದು ಪಾಠ ಶುರುಮಾಡಿದರೆ, ಗದರಿದವನು ಕುರಿಗಾಹಿಯೇ: "ಮೇಷ್ಟ್ರೆ, ನಿಮ್ಮ ಪಾಠಕ್ಕೆ ನನ್ನ ರೊಟ್ಟಿ ಗಂಟೇ ಬೇಕಾಗಿತ್ತೇನ್ರಿ?" ಅಂದಿನಿಂದ ಬಸ್ಸಿನಲ್ಲಿ ಪಾಠ ಬಂದ್.

ಇಂಥವರು ಶ್ರಾವಣ ಸೋಮವಾರದ ಪೂಜೆಗೆ ನಮ್ಮನೆಗೆ ಬಂದ ದಿನವೇ ನನ್ನ ತವರಿನ ಬೆಳ್ಳಿ ವಿಭೂತಿ ಬಟ್ಟಲು ಕಾಣೆಯಾಗಬೇಕೆ? ಮೊದಲು ಅವರ ಜೇಬನ್ನೇ ನೋಡಿದೆ. ಬರೀ ಸೀಮೆಸುಣ್ಣ. ಪಕ್ಕದ ಮನೆಯ ಅಕ್ಕ ಪಾತ್ರೆ ತಿಕ್ಕುವ ಗಂಗವ್ವನ ಕಡೆ ಕಣ್ಣು ಮಾಡಿ, "ದೇವರ ಮುಂದಿನ ಅಕ್ಕಿ ಅಗಿಯಾಕೆ ಕೊಡು. ಕದ್ದೋರ ಬಾಯಿ ಒಣಗತೈತಿ, ಅಕ್ಕಿ ಒಣಒಣಾನೇ ಆಚೆ ಬರತೈತಿ. ಆಮೇಲೆ ಸ್ಟೇಷನ್ನಿಗೆ ಕಳ್ಸಣ" ಎಂದಳು. ಕೊಟ್ಟೆ. ಹೌದು, ನಾನೇ ಕೊಟ್ಟೆ.

"ಅವಳೊಬ್ಬಳಿಗೇ ಯಾಕಮ್ಮ? ಎಲ್ಲರ ಬಾಯಿಗೂ ಹಾಕು" ಎಂದರು ಭಾವನವರು.

ಎಲ್ಲರಿಗೂ ಒಂದೊಂದು ಬಾಳೆ ಎಲೆಯ ತುಂಡು; ಅಗಿದು ಅದರ ಮೇಲೆ ಉಗಿದೆವು. ಸೋಮವಾರದ ಉಪವಾಸವೋ, ಭಯವೋ, ನನ್ನ ಅಕ್ಕಿ ಮಾತ್ರ ಡಬ್ಬಿಯಿಂದ ಈಗಷ್ಟೇ ತೆಗೆದಂತಿತ್ತು! "ಸಿಕ್ಕಳಪ್ಪ ಕಳ್ಳಿ" ಎಂದು ಯಜಮಾನರು ನಕ್ಕರು. ಶಿವನ ಕೃಪೆ, ಆ ನಗುವಿನ ನಡುವೆಯೇ ನೆನಪಾಯಿತು. ಸೊರಬದ ತಂಗಿಯ ಮನೆಯ ಪೂಜೆಗೆ ಒಯ್ದಿದ್ದ ಬಟ್ಟಲು ನನ್ನ ಚೀಲದಲ್ಲೇ ಉಳಿದಿತ್ತು.

ಭಾವನವರು ಪಾಠಕ್ಕೆ ಗಂಟಲು ಸರಿಮಾಡಿಕೊಂಡರು. ಪಕ್ಕದ ಮನೆಯ ಅಕ್ಕ ಬಿಡಬೇಕಲ್ಲ: "ಗಂಗವ್ವನ ಎಲೆ ಖಾಲಿ ಐತಲ್ಲ. ಯಾಕೆ ಉಗುಳಲಿಲ್ಲ?"

ಗಂಗವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ನುಂಗಿಬಿಟ್ಟೆ ಕಣಕ್ಕ. ನಿನ್ನೆ ಮಧ್ಯಾಹ್ನದಿಂದ ನಮ್ಮನೇಲಿ ಒಲೆ ಹಚ್ಚಿಲ್ಲ."

ಭಾವನವರು ಪಾಠ ಬಿಟ್ಟು ಗಂಗವ್ವನಿಗೆ ಮಣೆ ಹಾಕಿದರು. ಪೂಜೆ ಇನ್ನೂ ಆಗಿರಲಿಲ್ಲ. ದೇವರ ನೈವೇದ್ಯಕ್ಕೆಂದು ಬಡಿಸಿಟ್ಟಿದ್ದ ತಟ್ಟೆಯನ್ನು ಎತ್ತಿಕೊಂಡು ಹೋಗಿ ಗಂಗವ್ವನ ಮುಂದಿಟ್ಟೆ.